ಅಣ್ಣಯ್ಯನ ಬ್ಯಾಟರಿ ಹತ್ತುತ್ತಿಲ್ಲ

ನನ್ನ ಕಂಡಕ್ಟರ್ ಚೀಲದಲ್ಲಿ, ಟಿಕೆಟ್ ಮೆಷಿನ್ನಿನ ಪಕ್ಕಕ್ಕೆ, ಕೆಟ್ಟುಹೋದ ಒಂದು ಸಣ್ಣ ಬ್ಯಾಟರಿ ಓಡಾಡುತ್ತಿದೆ. ಪೇಟೆಯವರು ನೀವು ಅದನ್ನು ಟಾರ್ಚು ಅನ್ನುತ್ತೀರಿ. ನಮ್ಮ ಸಖರಾಯಪಟ್ಟಣದ ಕಡೆ ಅದು ಬ್ಯಾಟರಿ, ಅದರ ಹೊಟ್ಟೆಯೊಳಕ್ಕೆ ಹೋಗುವುದು ಸೆಲ್ಲು. ಗೇಣುದ್ದವೂ ಇಲ್ಲದ, ಎರಡು ಸೆಲ್ಲಿನ, ತಗಡಿನ ಮೈಯ ಬ್ಯಾಟರಿ. ಮೊದಲು ಯಾವ ಬಣ್ಣದ್ದಿತ್ತೋ ಈಗ ಹೇಳುವುದು ಕಷ್ಟ. ಬೀರೂರು ಬಿಟ್ಟು ಅಜ್ಜಂಪುರ ಸೇರುವ ತನಕ ಬಸ್ಸು ಕುಲುಕಿದಾಗಲೆಲ್ಲ ಅದು ಚಿಲ್ಲರೆಗೆ ತಾಗಿ ಟಣ್ ಅನ್ನುತ್ತದೆ. ಟಣ್ ಅಂದಾಗಲೆಲ್ಲ ನಾನು ಚೀಲವನ್ನು ಮೈಗೆ ಒತ್ತಿ ಹಿಡಿದುಕೊಳ್ಳುತ್ತೇನೆ.

"ಲೇ, ಅದನ್ಯಾಕೆ ಹೊತ್ಕಂಡು ತಿರುಗ್ತೀಯಾ? ಮೊಬೈಲ್‌ನಾಗೇ ಲೈಟ್ ಐತಲ್ಲ, ಎಸಿ ಅತ್ಲಾಗೆ" ಎನ್ನುತ್ತಾನೆ ನಮ್ಮ ಡ್ರೈವರ್ ತಿಮ್ಮೇಗೌಡ.

"ಅಣ್ಣಯ್ಯಂದು ಕಣೋ, ರಿಪೇರಿಗೆ" ಎನ್ನುತ್ತೇನೆ. ಅವನು ರಸ್ತೆಯ ಕಡೆ ತಿರುಗಿ ಗೇರು ಹಾಕುತ್ತಾನೆ. ಅಣ್ಣಯ್ಯನ ಹೆಸರು ಬಂದರೆ ಈಚೆಗೆ ಎಲ್ಲರೂ ಮಾತು ತಿರುಗಿಸುತ್ತಾರೆ. ನಿಮಗೆ ಮಾತ್ರ ಪೂರ್ತಿ ಹೇಳುತ್ತೇನೆ, ಕೂತುಕೊಳ್ಳಿ. ಬಸ್ಸು ಹೊರಡಲು ಇನ್ನೂ ಹೊತ್ತಿದೆ.

ಅಣ್ಣಯ್ಯ ಎಂದರೆ ನನ್ನ ಒಡಹುಟ್ಟಿದ ಅಣ್ಣ. ಹೋದ ದೀಪಾವಳಿ ಕಳೆದ ಮೇಲೆ ಒಂದು ಬೆಳಗ್ಗೆ ತೆಂಗಿನ ತೋಟದ ಪಂಪ್‌ಹೌಸಿನ ಮುಂದೆ ಕುಸಿದುಬಿದ್ದ. ಲಕ್ವ ಹೊಡೆದಿತ್ತು. ಬಲಗೈ ಹೋಯಿತು, ಬಲಗಾಲು ಹೋಯಿತು, ಮಾತು ಹೋಯಿತು. ದೊಡ್ಡಾಸ್ಪತ್ರೆಯಲ್ಲಿ ನೋಡುವಷ್ಟು ನೋಡಿ ಮನೆಗೆ ಕಳಿಸಿದರು. ಅಂದಿನಿಂದ ನಡುಮನೆಯ ಪಕ್ಕದ ಕೋಣೆಯಲ್ಲಿ ಮಂಚ ಹಿಡಿದಿದ್ದಾನೆ. ಎಲ್ಲಾ ತಿಳಿಯುತ್ತದೆ ಅವನಿಗೆ. ಅದೇ ನೋಡಿ ದೊಡ್ಡ ಕಷ್ಟ. ಏನೂ ತಿಳಿಯದೆ ಹೋಗಿದ್ದರೆ ಅವನಿಗೂ ವಾಸಿ, ನಮಗೂ ವಾಸಿ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಹಾಗೆ ಅನ್ನಿಸಿದ್ದಕ್ಕೆ ಕೆನ್ನೆ ಕೆನ್ನೆ ಬಡಿದುಕೊಳ್ಳಬೇಕು ಅಂತಲೂ ಅನ್ನಿಸುತ್ತದೆ.

ಮಾತು ಹೋಯಿತು ಅಂದೆ. ನಿಜ ಹೇಳಬೇಕೆಂದರೆ, ನಮ್ಮಿಬ್ಬರ ನಡುವೆ ಮಾತು ಅನ್ನುವುದು ಇದ್ದದ್ದಾದರೂ ಎಷ್ಟು? "ಉಂಡ್ಯಾ?" "ಹೂಂ." "ಮೋಟ್ರು ನೀರೆತ್ತಿತಾ?" "ಹೂಂ." ಅಷ್ಟೇ. ನಾನು ದಿನವಿಡೀ "ಒಳಗಡೆ ಹೋಗ್ರೀ, ಬಾಗ್ಲು ಬಿಡ್ರೀ, ಚಿಲ್ರೆ ಕೊಡ್ರೀ" ಎಂದು ಗಂಟಲು ಹರಿದುಕೊಳ್ಳುವವನು. ಅವನು ತೆಂಗಿನ ಮರಗಳ ಜೊತೆ ಬದುಕಿದವನು. ಮನೆಗೆ ಬರುವ ಹೊತ್ತಿಗೆ ನನ್ನಲ್ಲಿ ಮಾತು ಮುಗಿದಿರುತ್ತಿತ್ತು, ಅವನಲ್ಲಿ ಶುರುವೇ ಆಗುತ್ತಿರಲಿಲ್ಲ. ನಮ್ಮ ಮಾತೆಲ್ಲಾ ಬ್ಯಾಟರಿಯಲ್ಲಿ ನಡೆಯುತ್ತಿತ್ತು.

ಅದು ಹೇಗೆಂದರೆ, ನಮ್ಮೂರು ಚಿಕ್ಕಮಗಳೂರು ರಸ್ತೆಯಿಂದ ಸ್ವಲ್ಪ ಒಳಗಿದೆ. ರಸ್ತೆಗೂ ಊರಿಗೂ ನಡುವೆ ಒಂದು ಹಳ್ಳ, ಹಳ್ಳದ ಆಚೆ ದಡದಲ್ಲಿ ನಮ್ಮ ತೋಟ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಡೂರಿನಿಂದ ಬಂದು ಕ್ರಾಸಿನಲ್ಲಿ ಇಳಿಯುವಾಗ ಮುಚ್ಚಂಜೆ ಆಗಿರುತ್ತಿತ್ತು. ಅವ್ವನಿಗೆ ದಿಗಿಲು. "ಬಸ್ಸಿಳಿದ ತಕ್ಷಣ ತೋಟದ ಕಡೆ ಬೆಳಕು ಬಿಡೋ. ನಿಮ್ಮಣ್ಣ ಅಲ್ಲೇ ಇರ್ತಾನೆ, ನೋಡ್ಕತಾನೆ" ಅಂದಳು. ಅಲ್ಲಿಂದ ಶುರುವಾಯಿತು. ನಾನು ಕ್ರಾಸಿನಲ್ಲಿ ನಿಂತು ಒಂದು ಸಲ ಒತ್ತುತ್ತಿದ್ದೆ. ಬಂದೆ ಅಂತ ಅರ್ಥ. ಪಂಪ್‌ಹೌಸಿನ ಕಡೆಯಿಂದ ಒಂದು ಸಲ ಬೆಳಕು ಬರುತ್ತಿತ್ತು. ಕಂಡೆ, ನಡಿ ಅಂತ ಅರ್ಥ. ಅವ್ವ ಹೋದಳು. ಕ್ರಾಸಿಗೆ ಬೀದಿದೀಪ ಬಂತು. ಊರಿನ ತುಂಬಾ ಮೊಬೈಲು ಬಂತು. ನಾವಿಬ್ಬರು ಮಾತ್ರ ಬೆಳಕು ಬಿಡುವುದನ್ನು ಬಿಡಲಿಲ್ಲ.

ಒಮ್ಮೆ ತೋಟದ ಬೋರ್‌ವೆಲ್ಲಿಗೆ ಹೊಸ ಮೋಟರು ಇಳಿಸುವ ವಿಷಯಕ್ಕೆ ನಮಗೆ ಜಗಳವಾಯಿತು. ಏನು ಜಗಳ ಅಂತೀರಿ! ಒಂದು ಬೇಸಿಗೆ ಪೂರ್ತಿ ಮುಖ ಕೊಟ್ಟು ಮಾತಾಡಲಿಲ್ಲ. ನಮ್ಮಿಬ್ಬರ ಮಾತಿನ ಲೆಕ್ಕಕ್ಕೆ ಅದರಿಂದ ಹೆಚ್ಚು ವ್ಯತ್ಯಾಸವೇನೂ ಆಗಲಿಲ್ಲ ಅನ್ನಿ. ಆ ಹಟದಲ್ಲಿ ನಾನು ಒಂದು ಸಂಜೆ ಬಸ್ಸಿಳಿದವನು ಬ್ಯಾಟರಿ ಒತ್ತದೆ, ಬೇಕಂತಲೇ ಕೈಕಟ್ಟಿಕೊಂಡು ನಿಂತೆ. ನೋಡೋಣ ಏನು ಮಾಡುತ್ತಾನೆ ಅಂತ. ಬಸ್ಸಿನ ಸದ್ದು ಅಡಗುವುದರೊಳಗೆ ತೋಟದ ಕಡೆಯಿಂದ ಅವನೇ ಮೊದಲು ಬೆಳಕು ಬಿಟ್ಟ. ಕಂಡೆ, ನಡಿ. ಸಿಟ್ಟಿದ್ದರೂ ನಡಿ. ಜಗಳ ಅಲ್ಲಿಗೆ ಮುಗಿಯಿತು. ಮೋಟರು ಅವನು ಹೇಳಿದ್ದೇ ಇಳಿಸಿದೆವು.

ಆಸ್ಪತ್ರೆಯಿಂದ ಮನೆಗೆ ತಂದ ಮೇಲೆ ಅವನು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟ. ಮಾತು ಕಲಿಸಲು ಕಡೂರಿನಿಂದ ಒಬ್ಬ ಹುಡುಗಿ ಬರುತ್ತಿದ್ದಳು. "ಅಪ್ಪಾಜಿ, ಆ ಅನ್ನಿ, ಊ ಅನ್ನಿ" ಎಂದು ಎಷ್ಟು ಪ್ರೀತಿಯಿಂದ ಕೇಳಿದರೂ ಇವನು ತುಟಿ ಬಿಗಿಹಿಡಿದ. ಅತ್ತಿಗೆ ತಲೆ ಸವರಿ ಮಾತಾಡಿಸಿದರು, ಅತ್ತು ಮಾತಾಡಿಸಿದರು, ಕೊನೆಗೆ ಬೈದೂ ಮಾತಾಡಿಸಿದರು. ಊಹೂಂ. ಯಾರು ಹೋದರೂ ಕಣ್ಣು ಮುಚ್ಚಿಕೊಳ್ಳುವನು.

ಆಗ ಒಂದು ಸಂಜೆ ನಾನು ಮನೆಗೆ ಬಂದಾಗ ಕರೆಂಟು ಹೋಗಿತ್ತು. ಅವನ ಕೋಣೆಯ ಹೊಸಲಲ್ಲಿ ನಿಂತವನು, ಯಾಕೆ ಅಂತ ನನಗೇ ಗೊತ್ತಿಲ್ಲ, ಚೀಲದಿಂದ ನನ್ನ ಪೆನ್ ಬ್ಯಾಟರಿ ತೆಗೆದು ಒಂದು ಸಲ ಒತ್ತಿದೆ. ಮಂಚದ ಮೇಲೆ ಎಡಗೈ ಎದ್ದಿತು. ಹೆಬ್ಬೆರಳು ಗಾಳಿಯಲ್ಲಿ ಏನನ್ನೋ ಒತ್ತುತ್ತಿತ್ತು. "ನೀರು ಬೇಕೇನ್ರೀ?" ಎಂದು ಅತ್ತಿಗೆ ಲೋಟ ತರಲು ಓಡಿದರು. ನನಗೆ ತಿಳಿಯಿತು. ತೋಟದ ಪಂಪ್‌ಹೌಸಿಗೆ ಓಡಿ, ಮೊಳೆಗೆ ನೇತುಹಾಕಿದ್ದ ಅವನ ಬ್ಯಾಟರಿ ತಂದು ಅಂಗೈಯಲ್ಲಿ ಇಟ್ಟೆ. ಮತ್ತೆ ಹೊಸಲಿಗೆ ಹೋಗಿ ನಿಂತು ಒತ್ತಿದೆ. ಮಾಡಿನ ಮೇಲೆ ಹಳದಿ ಬೆಳಕಿನ ಒಂದು ಬಟ್ಟಲು ಬಿತ್ತು.

ಕಂಡೆ, ನಡಿ.

ನಾನು ಹಿತ್ತಲಿಗೆ ಹೋಗಿ ನೀರಿನ ಡ್ರಮ್ಮು ಹಿಡಿದುಕೊಂಡು ಅತ್ತೆ. ಈ ವಯಸ್ಸಿನಲ್ಲಿ ಹಾಗೆ ಅಳುವುದು ಚೆನ್ನಾಗಿ ಕಾಣುವುದಿಲ್ಲ, ಗೊತ್ತು. ಯಾರೂ ನೋಡಲಿಲ್ಲ, ಎಮ್ಮೆ ಒಂದು ಬಿಟ್ಟು.

ಅಲ್ಲಿಂದ ಮನೆಯ ದಿನಚರಿಯೇ ಬದಲಾಯಿತು. ಸಂಜೆ ನಾನು ಬರುವುದು, ಹೊಸಲಲ್ಲಿ ನಿಂತು ಒತ್ತುವುದು, ಅವನು ಒತ್ತುವುದು. "ಹಾಕಿದ್ರಾ?" ಎಂದು ಅತ್ತಿಗೆ ಅಡುಗೆಮನೆಯಿಂದ ಕೇಳುವರು. "ಹಾಕ್ದ" ಎಂದರೆ ಅವರು ತಟ್ಟೆಗೆ ಬಡಿಸಿಕೊಳ್ಳುವರು. ಹಾಕಿದ ಅಂದರೆ ಅವನು ನಮ್ಮ ಜೊತೆ ಇದ್ದಾನೆ, ಇವತ್ತಿನ ದಿನ ಇನ್ನೂ ಇದ್ದಾನೆ ಅಂತ. ಡಾಕ್ಟರು ಎದೆಗೆ ಕೊಳವೆ ಇಟ್ಟು ಹೇಳಿದ್ದಕ್ಕಿಂತ ನಮಗೆ ಅದೇ ನಂಬಿಕೆ.

ಅದು ನಿಂತುಹೋಯಿತು. ಒಂದು ಸಂಜೆ ನಾನು ಒತ್ತಿದೆ. ಅವನು ಬ್ಯಾಟರಿ ಎತ್ತಿ ಒತ್ತಿದ. ಬೆಳಕಿಲ್ಲ. ಇನ್ನೊಮ್ಮೆ ಒತ್ತಿ, ನನ್ನ ಕಡೆ ತೋರಿಸಿ, ತಲೆಯಾಡಿಸಿ, ದಿಂಬಿನಡಿಗೆ ತಳ್ಳಿ ಗೋಡೆಗೆ ತಿರುಗಿದ. ಅತ್ತಿಗೆ ಕೇಳಿದರು, "ಹಾಕಿದ್ರಾ?" ನಾನು, "ಬ್ಯಾಟ್ರಿ ಕೆಟ್ಟೋಗೈತೆ ಅತ್ತಿಗೆ. ಸರಿ ಮಾಡ್ತೀನಿ" ಅಂದೆ. ಅತ್ತಿಗೆ ಆ ಹೊತ್ತು ಉಣ್ಣಲಿಲ್ಲ.

ಬ್ಯಾಟರಿ ಸರಿ ಮಾಡುವುದೇನು ದೊಡ್ಡ ವಿದ್ಯೆ? ನಾವು ಬ್ಯಾಟರಿಯ ಜೊತೆಗೇ ಬೆಳೆದವರು. ಅಪ್ಪನದೊಂದು ಮೂರು ಸೆಲ್ಲಿನ ಉದ್ದನೆ ಬ್ಯಾಟರಿ ಗೂಟದಲ್ಲಿ ನೇತಾಡುತ್ತಿತ್ತು. ಅಪ್ಪನ ಕಣ್ಣು ತಪ್ಪಿಸಿ ಅದನ್ನು ಇಳಿಸಿ ಅಂಗೈಯ ಕೆಳಗಿಟ್ಟು ಒತ್ತುವುದು. ಬೆರಳಿನ ಸಂದಿಯೆಲ್ಲಾ ಕೆಂಪಗೆ ಹೊಳೆಯುವುದನ್ನು ನೋಡಿ ಮೈಯಲ್ಲಿರುವ ರಕ್ತವೆಲ್ಲಾ ಕಾಣುತ್ತಿದೆ ಎಂದು ಖುಷಿಪಡುವುದು. ಬಾಯೊಳಗೆ ಇಟ್ಟುಕೊಂಡು ಕೆನ್ನೆ ಉಬ್ಬಿಸಿ ಒತ್ತಿದರೆ ಮುಖ ದೆವ್ವದ ಥರ. ಅಣ್ಣಯ್ಯ ಹಾಗೆ ಮಾಡಿ ನಮ್ಮ ಸೋದರತ್ತೆಯನ್ನು ಹೆದರಿಸಿ, ಆಕೆ ಹಿಡಿಶಾಪ ಹಾಕಿ, ಸಾಲದ್ದಕ್ಕೆ ದೃಷ್ಟಿ ತೆಗೆಸಿಕೊಂಡು ಹೋದಳು. ಸೆಲ್ಲು ಸೋತವೆಂದರೆ ಎಸೆಯುವ ಮಾತೇ ಇಲ್ಲ. ಹಪ್ಪಳದ ಜೊತೆ ಬಿಸಿಲಿಗೆ ಇಡುವುದು. ಸಂಜೆ ಹಾಕಿದರೆ ಒಂದಷ್ಟು ಹೊತ್ತು ಹತ್ತುತ್ತಿತ್ತು, ನಿಜಕ್ಕೂ. ಕೊನೆಗೆ ಸತ್ತೇಹೋದ ಸೆಲ್ಲನ್ನು ಕಲ್ಲಿನಲ್ಲಿ ಜಜ್ಜಿ ಒಳಗಿನ ಕರಿಕಡ್ಡಿ ತೆಗೆದು ಗೋಡೆಯ ಮೇಲೆಲ್ಲಾ ಬರೆಯುವುದು. ನಾನು ಬಸ್ಸು ಬರೆಯುತ್ತಿದ್ದೆ, ಅಣ್ಣಯ್ಯ ಎಮ್ಮೆದೊಡ್ಡಿ ಕಾವಲಿನಲ್ಲಿ ಮೇಯುವ ಹೋರಿಗಳನ್ನು ಬರೆಯುತ್ತಿದ್ದ. ಅವನ ಹೋರಿಗಳಿಗೆ ಕೊಂಬು ಮಾಡಿನ ತನಕ ಹೋಗುತ್ತಿತ್ತು. ಹೊಡೆತ ಮಾತ್ರ ಇಬ್ಬರಿಗೂ ಸಮನಾಗಿ ಬೀಳುತ್ತಿತ್ತು.

ಇಷ್ಟೆಲ್ಲಾ ಅನುಭವವಿರುವ ನಾನು ಮಾರನೆಯ ಬೆಳಗ್ಗೆ ಬ್ಯಾಟರಿಯ ಹಿಂದಿನ ಮುಚ್ಚಳ ಬಿಚ್ಚಿ, ಬೋರಲು ಹಾಕಿ ಅಂಗೈಗೆ ಕುಟ್ಟಿದೆ. ಸೆಲ್ಲು ಎರಡೂ ಉದುರಿದವು. ನೋಡಲು ಚೆನ್ನಾಗೇ ಇದ್ದವು. ಆದರೂ ಇರಲಿ ಎಂದು ಹೊಸ ಸೆಲ್ಲು ಹಾಕಿ ಒತ್ತಿದೆ. ಝಗ್ ಅಂತ ಹತ್ತಿತು! ಅಣ್ಣಯ್ಯನಿಗೆ ತೋರಿಸಿದೆ. ಅವನು ನೋಡಿದ, ಇಸಿದುಕೊಂಡ, ದಿಂಬಿನಡಿ ಇಟ್ಟುಕೊಂಡ. ನಾನು ಅಜ್ಜಂಪುರದ ತನಕ ಯಾರ ಮೇಲೂ ರೇಗದೆ ಟಿಕೆಟ್ ಹರಿದೆ. ಸಂಜೆ ಬಂದು ಹೊಸಲಲ್ಲಿ ನಿಂತು ಒತ್ತಿದರೆ, ಅವನು ಎತ್ತಿ ಒತ್ತಿದ. ಬೆಳಕಿಲ್ಲ.

"ಹೊಸ ಸೆಲ್ಲೂ ಡೂಪ್ಲಿಕೇಟಾ?" ಎಂದಳು ನನ್ನ ಹೆಂಡತಿ ಗಿರಿಜ.

ಸಿಟ್ಟು ನೆತ್ತಿಗೇರಿತು. ಸಖರಾಯಪಟ್ಟಣದ ಅಂಗಡಿಗೆ ಹೋಗಿ ಸೆಲ್ಲುಗಳನ್ನು ಕೌಂಟರಿನ ಮೇಲೆ ಕುಕ್ಕಿದೆ. ಅಂಗಡಿಯವನು ತನ್ನ ಬ್ಯಾಟರಿಗೆ ಹಾಕಿ ತೋರಿಸಿದ, ಹತ್ತಿತು. ನನ್ನದಕ್ಕೆ ಹಾಕಿ ತೋರಿಸಿದ, ಅದೂ ಹತ್ತಿತು. "ಲೂಸ್ ಕಾಂಟ್ಯಾಕ್ಟ್ ಕಣಣ್ಣ" ಅಂದ. ನಾನು ಬೈದದ್ದನ್ನು ಬೈದ ಹಾಗೇ ವಾಪಸ್ಸು ನುಂಗಿಕೊಂಡು ಬಂದೆ.

ಲೂಸ್ ಕಾಂಟ್ಯಾಕ್ಟ್ ಅನ್ನುವ ರೋಗ ಇದೆಯಲ್ಲ, ಅದರಂಥ ಹಡಬೆ ರೋಗ ಇನ್ನೊಂದಿಲ್ಲ. ಇದೆ ಅಂದರೆ ಇದೆ, ಇಲ್ಲ ಅಂದರೆ ಇಲ್ಲ. ಮುಚ್ಚಳದ ಒಳಗಿನ ಸ್ಪ್ರಿಂಗನ್ನು ಎಳೆದು ಉದ್ದ ಮಾಡಿದೆ. ತುಕ್ಕನ್ನು ಉಪ್ಪುಕಾಗದದಿಂದ ಉಜ್ಜಿದೆ. ಬೀಡಾ ಅಂಗಡಿಯಿಂದ ಸಿಗರೇಟು ಪ್ಯಾಕಿನ ಬೆಳ್ಳಿಕಾಗದ ತಂದು ಮಡಿಸಿ ತಳಕ್ಕೆ ಇಟ್ಟೆ. ಪ್ರತಿಸಲವೂ ಅದೇ ಕತೆ. ನನ್ನ ಕೈಯಲ್ಲಿ ಹತ್ತುತ್ತದೆ, ಸಂಜೆಗೆ ಅವನ ಕೈಯಲ್ಲಿ ಹತ್ತುವುದಿಲ್ಲ. ಬೋರಲು ಹಾಕಿ ಕುಟ್ಟಿ ಸೆಲ್ಲು ಉದುರಿಸಿ ಮತ್ತೆ ತುಂಬಿದರೆ ಹತ್ತುತ್ತದೆ. ಮಾರನೆಯ ಸಂಜೆಗೆ ಮತ್ತೆ ಇಲ್ಲ. ಅಜ್ಜಂಪುರದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಅದನ್ನು ತೊಡೆಯ ಮೇಲೆ ಬಿಚ್ಚಿಕೊಂಡು ಕೂರುವುದೇ ನನ್ನ ಕೆಲಸವಾಯಿತು.

"ಏನ್ ಕಂಡಕ್ಟ್ರೇ, ಬಾಂಬ್ ಮಾಡ್ತಾ ಇದ್ದೀರಾ?" ಎಂದಳು ಈರುಳ್ಳಿ ಮೂಟೆಯ ಮೇಲೆ ಕೂತಿದ್ದ ಒಬ್ಬ ಹೆಂಗಸು. ಬಸ್ಸೆಲ್ಲಾ ನಕ್ಕಿತು. ಆಮೇಲೆ ಒಬ್ಬೊಬ್ಬರೂ ಒಂದೊಂದು ಔಷಧಿ ಹೇಳಿದರು. ಸೀಮೆಎಣ್ಣೆಯಲ್ಲಿ ಒರೆಸಿ. ಬಲ್ಬಿನ ತಿಕಕ್ಕೆ ತಾಮ್ರದ ತಂತಿ ಸುತ್ತಿ. ಬಿಸಿಲಲ್ಲಿಡಿ. ಫ್ರಿಜ್ಜಿನಲ್ಲಿಡಿ. ಮೊದಲು ನಿಮ್ಮ ಬಸ್ಸಿನ ಲೈಟು ಸರಿ ಮಾಡಿಸಿ. ಎಲ್ಲರಿಗೂ ಹೂಂಗುಟ್ಟಿದೆ. ಅವರಿಗೆ ಅದು ಬರೀ ಬ್ಯಾಟರಿ. ನಾನು ಅಲ್ಲಿ ಹುಡುಕುತ್ತಿದ್ದದ್ದು ನಮ್ಮಣ್ಣನನ್ನು ಎಂದು ಬಸ್ಸಿನಲ್ಲಿ ಕೂತವರಿಗೆ ಹೇಗೆ ಹೇಳುವುದು?

ಕಡೂರಿನಲ್ಲಿ ಗಡಿಯಾರ, ರೇಡಿಯೋ ರಿಪೇರಿ ಮಾಡುವ ಬಷೀರಣ್ಣನ ಅಂಗಡಿ ಇದೆ. ಅಲ್ಲಿಗೂ ಹೋದೆ. ಅವನು ಸ್ವಿಚ್ಚಿಗೆ ಬೆಸುಗೆ ಹಾಕಿದ, ಎಲ್ಲಿಂದಲೋ ಹುಡುಕಿ ಹಳೇ ಕಾಲದ ಹಳದಿ ಬಲ್ಬು ಹಾಕಿಕೊಟ್ಟ. ಎರಡು ದಿನ ಬಿಟ್ಟು ಮತ್ತೆ ಹೋದೆ. ಅವನು ಸೆಲ್ಲು ಉದುರಿಸಿ, ತುಂಬಿ, ಒತ್ತಿದ. ಹತ್ತಿತು. ಮೂರನೇ ಸಲ ಹೋದಾಗ ಅವನಿಗೂ ಬೇಜಾರಾಯಿತು. "ನನ್ ಅಂಗ್ಡೀಲಿ ಚೆನ್ನಾಗೇ ಹತ್ತುತ್ತಲ್ಲಣ್ಣ. ನಿಮ್ಮನೇಲೇ ಏನೋ ಐತೆ, ಒಂದ್ಸಲ ಯಾರಿಗಾದ್ರೂ ತೋರ್ಸಿ" ಅಂದ. ಅವನು ತಮಾಷೆಗೆ ಹೇಳಿದ್ದು. ಅತ್ತಿಗೆಗೆ ಹೇಳಿದರೆ ಅವರು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಬ್ಯಾಟರಿಗೆ ಅರಿಶಿನ ಕುಂಕುಮ ಹಚ್ಚಿ ದೇವರ ಗೂಡಿನ ಮುಂದೆ ಒಂದು ಹಗಲು ಇಟ್ಟರು. ಆಯುಧಪೂಜೆಯಲ್ಲಿ ನಮ್ಮ ಬಸ್ಸು ಕಂಡ ಹಾಗೆ ಕಂಡಿತು.

ಈ ನಡುವೆ ತರೀಕೆರೆಯಿಂದ ಅತ್ತಿಗೆಯ ತಮ್ಮ ಮೈಗೆ ತಿಕ್ಕಲು ಎಣ್ಣೆ ತಂದವನು, ವಿಷಯ ತಿಳಿದು ಒಂದು ಹೊಸಾ ಬ್ಯಾಟರಿಯನ್ನೂ ತಂದ. ಚಾರ್ಜಿಗೆ ಹಾಕುವಂಥದು, ಬೆಳಕು ಕಣ್ಣು ಕುಕ್ಕುವಷ್ಟು ಬಿಳಿ. ಅಣ್ಣಯ್ಯನ ಕೈಗಿಟ್ಟೆವು. ಅವನು ಅದನ್ನು ಹಿಂಗೈಯಲ್ಲಿ ದೂಡಿದ. ಮತ್ತೆ ಇಟ್ಟೆವು, ಮತ್ತೆ ದೂಡಿದ.

"ಅವ್ರಿಗೆ ಅವ್ರ ಹಳೇದೇ ಆಗ್ಬೇಕು" ಅಂದರು ಅತ್ತಿಗೆ. ಅವರ ಮುಖದಲ್ಲಿ ಹೆಮ್ಮೆಯೇ ಇತ್ತು. ನನಗೂ ಹಾಗೇ ಅನ್ನಿಸಿತು. ಮನುಷ್ಯನಿಗೆ ತನ್ನ ವಸ್ತುವಿನ ಮೇಲೆ ಆಸೆ ಇದೆ ಅಂದರೆ ಬದುಕಿನ ಮೇಲೂ ಇದೆ ಅಂತ ತಾನೇ?

ಆದರೆ ಅವನು ಊಟ ಬಿಡುತ್ತಾ ಬಂದ. ಅತ್ತಿಗೆ ರಾಗಿ ಗಂಜಿಯನ್ನು ಚಮಚದಲ್ಲಿ ಹಿಡಿದರೆ ಒಂದೆರಡು ಗುಟುಕಿಗೆ ಬಾಯಿ ಮುಚ್ಚಿಕೊಳ್ಳುವನು. ಬಲವಂತ ಮಾಡಿದರೆ ಗಂಜಿ ತುಟಿಯ ಅಂಚಿನಿಂದ ದಿಂಬಿಗೆ ಇಳಿಯುವುದು. ಮಾತು ಕಲಿಸುವ ಹುಡುಗಿ ಬರುವುದು ನಿಂತಿತು. ನಾವೆಲ್ಲಾ ಬ್ಯಾಟರಿಯ ಮೇಲೇ ಹೊರಿಸಿದೆವು. "ಅದು ಸರಿ ಹೋದ್ರೆ ಉಣ್ತಾರೆ ಬಿಡಪ್ಪ. ಬೇಜಾರಾಗೈತೆ ಅವ್ರಿಗೆ" ಎನ್ನುತ್ತಿದ್ದರು ಅತ್ತಿಗೆ. "ಹೂಂ ಅತ್ತಿಗೆ, ಅದೇ" ಎನ್ನುತ್ತಿದ್ದೆ ನಾನು. ಮಂಚದ ಮೇಲೆ ಅವನ ಕೊರಳಿನ ಮೂಳೆ ಎದ್ದು ಕಾಣುತ್ತಿತ್ತು. ನಾನು ಅದನ್ನು ನೋಡದೆ ಸ್ಪ್ರಿಂಗು ನೋಡುತ್ತಿದ್ದೆ.

ಗಿರಿಜ ಒಮ್ಮೆ ಹೇಳಿದಳು. "ರೀ, ನೀವು ರಿಪೇರಿ ಮಾಡಿದ್ದು ಯಾವುದು ಉಳಿದೈತೆ ಹೇಳಿ? ಮಿಕ್ಸಿ ಹೋಯ್ತು, ಇಸ್ತ್ರಿಪೆಟ್ಗೆ ಹೋಯ್ತು. ಇದೊಂದು ಬಿಟ್ಬಿಡಿ. ಅದ್ರ ಬದ್ಲು ಭಾವನ ಹತ್ರ ಸ್ವಲ್ಪ ಹೊತ್ತು ಸುಮ್ನೆ ಕೂತ್ಕಳಿ." ನನಗೆ ರೇಗಿತು. ಸುಮ್ಮನೆ ಕೂತು ಏನು ಮಾಡಲಿ? ಆ ಕೋಣೆಯಲ್ಲಿ ಸುಮ್ಮನೆ ಕೂರುವುದು ನನ್ನ ಕೈಯಲ್ಲಾಗದು. ಕೈಯಲ್ಲಿ ಬಿಚ್ಚಲು ಏನಾದರೂ ಬೇಕು.

ಒಂದು ಭಾನುವಾರ ನನಗೆ ರಜೆ. ಬೆಳಗ್ಗೆ ಸೆಲ್ಲು ಉದುರಿಸಿ, ಬಟ್ಟೆಯಲ್ಲಿ ಒರೆಸಿ, ನಾನೇ ಜೋಪಾನವಾಗಿ ತುಂಬಿ, ಮುಚ್ಚಳ ಗಟ್ಟಿಯಾಗಿ ತಿರುಗಿಸಿ, ಹತ್ತಿಸಿ ನೋಡಿ ಅವನ ಕೈಗೆ ಕೊಟ್ಟೆ. ಮಧ್ಯಾಹ್ನ ಊಟ ಮಾಡಿ ಅವನ ಕೋಣೆಗೆ ಹೋದೆ. ಎಚ್ಚರವಾಗಿದ್ದ. ಕಿಟಕಿಯಿಂದ ಬಿಸಿಲು ಮಂಚದ ಕಾಲಿನ ತನಕ ಬಂದಿತ್ತು. ಸುಮ್ಮನೆ ಕೂರಲು ಹೋದವನೇ ನಾನು, ದೇವರಾಣೆ. ಆದರೆ ಕೈ ಕೇಳಬೇಕಲ್ಲ. ದಿಂಬಿನಡಿಯಿಂದ ಬ್ಯಾಟರಿ ಎಳೆದು ಒತ್ತಿದೆ. ಹತ್ತಲಿಲ್ಲ.

ಬೆಳಗ್ಗೆ ಹತ್ತಿದ್ದು, ಮಧ್ಯಾಹ್ನಕ್ಕಿಲ್ಲ. ಮಂಚದ ಅಂಚಿಗೆ ಕೂತು ಮುಚ್ಚಳಕ್ಕೆ ಕೈ ಹಾಕಿದೆ. ಯಾವಾಗಲೂ ಬೋರಲು ಹಾಕಿ ಕುಟ್ಟುವವನು ಅವತ್ತು ಬಾಯಿ ಮೇಲಕ್ಕೆ ಹಿಡಿದುಕೊಂಡೆ. ಯಾಕೆಂದರೆ ಹಿಂದಿನ ಸಲ ಒಂದು ಸೆಲ್ಲು ರಾಗಿ ಡ್ರಮ್ಮಿನ ಹಿಂದಕ್ಕೆ ಉರುಳಿ, ಗಿರಿಜ ನಾನು ಅದಕ್ಕಾಗಿ ನೆಲದ ಮೇಲೆ ತೆವಳುವ ಹಾಗೆ ಮಾಡಿದ್ದಳು. ಮುಚ್ಚಳ ಬೆಳಗ್ಗೆ ಬಿಗಿದಷ್ಟು ಬಿಗಿಯಾಗಿರಲಿಲ್ಲ. ಅದರ ಅಂಚಿನಲ್ಲಿ ಎಂಜಲಿನ ಪಸೆ ಇತ್ತು. ಹಲ್ಲಿನ ಗುರುತೂ ಇತ್ತು.

ಮುಚ್ಚಳ ತೆಗೆದೆ. ಸೆಲ್ಲಿನ ಚಪ್ಪಟೆ ತಳ ಕಾಣಬೇಕಾದ ಕಡೆ ಅದರ ತಲೆಯ ಮೊಗ್ಗು ನನ್ನನ್ನೇ ನೋಡುತ್ತಿತ್ತು. ಒಂದು ಸೆಲ್ಲು ತಿರುಗುಮುರುಗಾಗಿತ್ತು.

ನಿಮಗೆ ಇದರಲ್ಲಿ ಏನೂ ಕಾಣದೆ ಇರಬಹುದು. ನಮ್ಮ ಮನೆಯಲ್ಲಿ ಇದಕ್ಕೊಂದು ಅರ್ಥವಿದೆ. ಅಣ್ಣಯ್ಯ ಊರು ಬಿಟ್ಟು ಹೋಗುತ್ತಿದ್ದದ್ದೇ ಕಡಿಮೆ. ಅಜ್ಜಂಪುರದ ಕಡೆ ಹೋರಿ ನೋಡಲು, ಇಲ್ಲಾ ತರೀಕೆರೆಗೆ ಹೆಂಡತಿಯ ತವರಿಗೆ, ಇಲ್ಲಾ ಚೌಳಹಿರಿಯೂರಿಗೆ ಯಾರದಾದರೂ ಮದುವೆಗೆ. ಹೊರಟನೆಂದರೆ ಬ್ಯಾಟರಿಯನ್ನು ಚೀಲಕ್ಕೆ ಹಾಕುವ ಮೊದಲು ಮುಚ್ಚಳ ಬಿಚ್ಚಿ ಒಂದು ಸೆಲ್ಲನ್ನು ತಿರುಗಿಸಿ ಹಾಕುತ್ತಿದ್ದ. ಚೀಲದಲ್ಲಿ ಬಟ್ಟೆಗೆ ಬಟನ್ನು ಒತ್ತಿಕೊಂಡು, ದಾರಿಯುದ್ದಕ್ಕೂ ಸುಮ್ಮನೆ ಉರಿದು ಹಾಳಾಗಬಾರದು ಅಂತ. ಹೋಗುತ್ತೇನೆ ಎಂದು ಬಾಯಿಬಿಟ್ಟು ಹೇಳುವ ಅಭ್ಯಾಸ ಮೊದಲೇ ಇಲ್ಲ. ಕೊಟ್ಟಿಗೆಗೆ ಹೋಗಲೆಂದು ಅತ್ತಿಗೆ ಬ್ಯಾಟರಿ ಒತ್ತಿ, ಹತ್ತದಿದ್ದರೆ, "ಓಹೋ, ಎಲ್ಲಿಗೋ ಹೊರಟವ್ರೆ" ಎಂದು ನಗುತ್ತಾ ಅವನ ಪಂಚೆ ಮಡಿಸಿಡುತ್ತಿದ್ದರು. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಆದರೆ ಮಂಚದಿಂದ ಇಳಿಯಲಾಗದವನು ಊರಿಗೆ ಹೊರಡುತ್ತಾನೆಂದು ಯಾರು ನೆನೆಸುತ್ತಾರೆ ಹೇಳಿ?

ಎಡಗೈಯೊಂದೇ. ಬ್ಯಾಟರಿಯನ್ನು ಕೈಯಲ್ಲಿ ಹಿಡಿದು, ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿ ತಿರುಗಿಸಿ, ಎದೆಯ ಮೇಲೆ ಸೆಲ್ಲು ಬೀಳಿಸಿಕೊಂಡು, ತಿರುಗಿಸಿ ತುಂಬಿ, ಮತ್ತೆ ಕಚ್ಚಿ ಮುಚ್ಚಿ, ದಿಂಬಿನಡಿ ಇಟ್ಟುಕೊಳ್ಳಬೇಕು. ನಾನು ಸರಿ ಮಾಡಿ ಕೊಟ್ಟಾಗಲೆಲ್ಲ ಅಷ್ಟನ್ನೂ ಮಾಡಿದ್ದಾನೆ. ಬಾಯಿಗೆ ಹಿಡಿದ ಚಮಚ ಕಚ್ಚಲು ಬಲವಿಲ್ಲದವನು.

ತಿರುಗಿ ನೋಡಿದೆ. ಅವನು ನನ್ನನ್ನೇ ನೋಡುತ್ತಿದ್ದ. ಗೋಡೆಗೆ ತಿರುಗಲಿಲ್ಲ, ಕಣ್ಣು ಮುಚ್ಚಲಿಲ್ಲ.

"ನೀನೇನಾ?" ಅಂದೆ.

"ಎಲ್ಲಿಗೆ ಹೊರ್ಟಿದೀಯ ಅಣ್ಣಯ್ಯ?"

ಅವನ ಎಡಗೈ ಮೆಲ್ಲಗೆ ಎದ್ದು ನನ್ನ ಕೈಯಲ್ಲಿದ್ದ ಮುಚ್ಚಳವನ್ನು ಮುಟ್ಟಿತು. ಮುಚ್ಚು ಅಂತ.

ನನಗೆ ಎಲ್ಲಿತ್ತೋ ಸಿಟ್ಟು, ಬಂದುಬಿಟ್ಟಿತು. ಅಡುಗೆಮನೆಗೆ ಕೇಳಿಸಬಾರದೆಂದು ಹಲ್ಲುಕಚ್ಚಿ ಮಾತಾಡಿದೆ. "ಹೋಗ್ತೀಯಾ? ಹೋಗು. ನಿಂಗೇನು, ಹೊರಟ್ಬಿಡ್ತೀಯ. ನಾನು ಬಸ್ಸಿಳಿದು ಯಾರಿಗೆ ಬೆಳಕು ಬಿಡ್ಲಿ? ಹೇಳು, ಯಾರಿಗೆ?" ಸೆಲ್ಲನ್ನು ಕಿತ್ತು ಸರಿಯಾಗಿ ತುಂಬಿದೆ. ಮುಚ್ಚಳ ಓರೆಯಾಗಿ ಕೂತಿತು, ಬಿಚ್ಚಿ ಮತ್ತೆ ಕೂರಿಸಿದೆ. ಒತ್ತಿದರೆ ಹತ್ತಿತು. ಅವನ ಅಂಗೈಗೆ ತುರುಕಿ ಬೆರಳುಗಳನ್ನು ನಾನೇ ಮಡಿಸಿದೆ. "ಹಾಕು. ಒಂದ್ಸಲ ಹಾಕು ಅಣ್ಣಯ್ಯ. ನಿನ್ ದಮ್ಮಯ್ಯ."

ಅವನು ಬೆರಳು ಬಿಡಿಸಿದ. ಬ್ಯಾಟರಿ ಹಾಸಿಗೆಯ ಮೇಲೆ ಬಿತ್ತು. ಅವನ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು. ಸಾಕಾಗಿತ್ತು ಅವನಿಗೆ. ಇಷ್ಟು ದಿನ ಸಂಜೆ ಸಂಜೆ ಒತ್ತಿದ್ದೆಲ್ಲಾ ನನಗಾಗಿ, ಅತ್ತಿಗೆ ಉಣ್ಣಲಿ ಅಂತ. ಇನ್ನು ಅದೂ ಆಗುವುದಿಲ್ಲ ಅಂತ ಬಾಯಿಲ್ಲದವನು ಎಷ್ಟು ಸಲ ಹೇಳಬೇಕು? ನಾನು ಪ್ರತಿಸಲವೂ ಅದನ್ನು ಲೂಸ್ ಕಾಂಟ್ಯಾಕ್ಟ್ ಅಂದೆ.

ಬ್ಯಾಟರಿ ಎತ್ತಿಕೊಂಡೆ. ಮುಚ್ಚಳ ಬಿಚ್ಚಿ, ಆ ಸೆಲ್ಲನ್ನು ಅವನು ಹಾಕಿಟ್ಟ ಹಾಗೇ ತಿರುಗಿಸಿ ಹಾಕಿ, ಮುಚ್ಚಿದೆ. ನನ್ನ ಕೈಯಾರೆ ಮಾಡಿದೆ. ಯಾವ ರಿಪೇರಿಗೂ ಅಷ್ಟು ಹೊತ್ತು ಹಿಡಿದಿರಲಿಲ್ಲ.

ಅತ್ತಿಗೆ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದರು. "ಏನಪ್ಪಾ, ಹತ್ತಿತಾ?"

ನಾನು ಅವರ ಎದುರಿಗೇ ಒತ್ತಿ ತೋರಿಸಿದೆ. "ಇಲ್ಲ ಅತ್ತಿಗೆ."

"ಕಡೂರಿಗೆ ಇನ್ನೊಂದ್ಸಲ ತಗಂಡೋಗಿ ನೋಡಪ್ಪ. ಅದೊಂದು ಹತ್ತಿದ್ರೆ ಇವ್ರು ಉಣ್ತಾರೆ" ಅಂದರು ಅತ್ತಿಗೆ. ಅಣ್ಣಯ್ಯನ ಕಣ್ಣಂಚನ್ನು ಸೆರಗಿನಿಂದ ಒರೆಸಿ, "ನೋಡು, ಎಷ್ಟು ಬೇಜಾರು ಮಾಡ್ಕಂಡವ್ರೆ" ಅಂದರು.

"ಆಯ್ತು ಅತ್ತಿಗೆ, ನಾಳೆ ತಗಂಡೋಗ್ತೀನಿ" ಅಂದೆ.

ಅಣ್ಣಯ್ಯ ನನ್ನ ಮುಖ ನೋಡಿ, ಆಮೇಲೆ ಕಣ್ಣು ಮುಚ್ಚಿಕೊಂಡ.